ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ನೀರಿನ ದಿನಗಳು: ಹಳೇ ಹುಬ್ಬಳ್ಳಿಯ ಒಂದು ಓಣಿಯ ಪ್ರಕರಣ

ಜೂನ್ 26, ಬೆಳಿಗ್ಗೆ ಏಳೂವರೆ.

"ಮೇಡಂರ, ನಮ್ಮ ಓಣ್ಯಾಗ ವಾಂತಿ-ಭೇದಿ ಎದ್ದೈತ್ರಿ. ನಿನ್ನಿಯಿಂದ ಐದು ಮನಿ ಆತು. ಒಂದು ಕೂಸಿನ ಕಣ್ಣು ಒಳಗ ಹೋಗ್ಯಾವ. ಲಗೂನ ಬರ್ರಿ."

ಫೋನ್ ಮಾಡಿದವರು ಹಳೇ ಹುಬ್ಬಳ್ಳಿಯ ಒಂದು ಓಣಿಯ ಆಶಾ ಕಾರ್ಯಕರ್ತೆ. ನಾನು ಆ ಭಾಗದ ಆರೋಗ್ಯ ನಿರೀಕ್ಷಕಿ. ಕೂಸಿನ ಕಣ್ಣು ಒಳಗೆ ಹೋಗಿದೆ ಅಂದರೆ ಮೈಯಲ್ಲಿ ನೀರು ತೀರಾ ಕಡಿಮೆಯಾಗಿದೆ ಅಂತ ಅರ್ಥ. ಅವರಿಗೆ ಅದು ಗೊತ್ತಿತ್ತು. ನಾನು ಮುಟ್ಟುವಷ್ಟರಲ್ಲಿ ಒಂದು ಲೀಟರ್ ನೀರಿಗೆ ಒಂದು ಪಾಕೀಟು ಓಆರ್‌ಎಸ್ ಕಲಸಿಕೊಂಡು, ಆಟೋದಲ್ಲಿ ಕೂತು, ಕೂಸಿಗೆ ಚಮಚದಲ್ಲಿ ಕುಡಿಸುತ್ತಿದ್ದರು. ಕೂಸು ಉಳಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವುದೆಲ್ಲ ಪೈಪು, ಗಟಾರ, ಬಾಟಲಿಗಳ ಮಾತು. ಕೂಸಿಗೆ ಏನಾಯಿತೋ ಅನ್ನುವ ಚಿಂತೆಯಲ್ಲಿ ಅದನ್ನೆಲ್ಲ ಓದುವುದು ಬೇಡ.

ಓಣಿಯ ಹೆಸರು ಬರೆಯುವುದಿಲ್ಲ. ಅಲ್ಲಿಯ ಹೆಣ್ಣುಮಕ್ಕಳು ಬೇಡ ಅಂದರು. ನಾಳೆ ಬೀಗಸ್ತನಕ್ಕೆ ಬಂದವರು "ಆ ರೋಗದ ಓಣಿ ಏನ್ರಿ ಇದು" ಅಂತ ಕೇಳಬಾರದಲ್ವಾ.

ಓಣಿ ಮತ್ತು ಅದರ ನೀರು

ನಡುವೆ ಸಣ್ಣ ದಾರಿ, ಎರಡೂ ಬದಿಗೆ ಮನೆಗಳ ಸಾಲು. ಎಡಸಾಲಿನಲ್ಲಿ 16 ಮನೆ. ಮನೆಗಳ ಮುಂದೆಯೇ ತೆರೆದ ಗಟಾರ. ಕೆಲವು ಮನೆಗಳ ಪಾಯಖಾನೆ ಪೈಪು ಒಳಚರಂಡಿಗೆ ಸೇರಿಲ್ಲ, ಇದೇ ಗಟಾರಕ್ಕೆ ಬಿಟ್ಟಿದ್ದಾರೆ. ನಳದ ನೀರು ಏಳೆಂಟು ದಿನಕ್ಕೊಮ್ಮೆ ಬರುತ್ತದೆ. ಬಂದರೆ ಎರಡು-ಮೂರು ತಾಸು. ಎಡಸಾಲಿಗೆ ಒಂದು ದಿನ ಪಾಳಿ. ಬಲಸಾಲಿಗೆ ಹಿಂದಿನ ಓಣಿಯ ಜೊತೆ ಇನ್ನೊಂದು ದಿನ.

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸವದತ್ತಿ ಹತ್ತಿರದ ನವಿಲುತೀರ್ಥದಿಂದ ಮಲಪ್ರಭೆಯ ನೀರು, ಇತ್ತ ನೀರಸಾಗರದ ನೀರು. ಎರಡನ್ನೂ ನಂಬಿಕೊಂಡ ಊರು ನಮ್ಮದು. ಕೆಲವು ವಾರ್ಡ್‌ಗಳಿಗೆ 2008ರ ಹೊತ್ತಿಗೇ 24 ತಾಸು ನೀರು ಬಂತು. ಉಳಿದ ಕಡೆ ಹೆಣ್ಣುಮಕ್ಕಳ ವಾರ ಸೋಮವಾರದಿಂದ ಶುರುವಾಗುವುದಿಲ್ಲ, ನೀರು ಬಂದ ದಿನದಿಂದ ಶುರುವಾಗುತ್ತದೆ. ಬ್ಯಾರಲ್, ಸಿಂಟೆಕ್ಸ್, ಕೊಡ, ಬಕೆಟ್ಟು, ಪಾತೇಲಿ, ಎಲ್ಲ ತುಂಬಿಡಬೇಕು. ಆ ದಿನ ಕೂಲಿಗೆ ಹೋಗುವಂತಿಲ್ಲ.

ನಾವು ಮಾಡಿದ ಮೊದಲ ತಪ್ಪು

ಇಪ್ಪತ್ತನಾಲ್ಕು ತಾಸಿನಲ್ಲಿ ಮೂರು ಸಲ ಅಥವಾ ಅದಕ್ಕೂ ಜಾಸ್ತಿ ನೀರಾಗಿ ಭೇದಿಯಾದವರನ್ನು ಮಾತ್ರ ಲೆಕ್ಕ ಹಿಡಿಯಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡೆವು. ಆಶಾ, ಎಎನ್‌ಎಂ (ಆರೋಗ್ಯ ಕೇಂದ್ರದ ನರ್ಸಮ್ಮ), ನಾನು ಮೂವರೂ ಮನೆಮನೆಗೆ ಹೋದೆವು. ಸಂಜೆಗೆ 10 ಮನೆಗಳಲ್ಲಿ 16 ಜನ ಸಿಕ್ಕರು.

ಓಣಿಯವರ ಬೆರಳು ಒಂದೇ ಕಡೆ ತೋರಿಸುತ್ತಿತ್ತು. ಮೂಲೆಯ ಗಿರ್ಮಿಟ್-ಮಿರ್ಚಿ ಗಾಡಿ. "ಅವನ ಚಟ್ನಿ ಕೆಟ್ಟಿತ್ರಿ" ಅಂತ ನಾಲ್ಕು ಜನ ಹೇಳಿದರು. ನಾನೂ ಒಪ್ಪಿಬಿಟ್ಟೆ. ಗಾಡಿ ಬಂದ್ ಮಾಡಿಸಿದೆ. ಆತ ಏನೂ ಮಾತಾಡಲಿಲ್ಲ. ಒಲೆ ಆರಿಸಿ, ಕಲಸಿದ್ದ ಹಿಟ್ಟನ್ನು ಮುಚ್ಚಿ, ಗಾಡಿ ತಳ್ಳಿಕೊಂಡು ಹೋದ.

ರಾತ್ರಿ ಕೂತು ಪಟ್ಟಿ ನೋಡಿದೆ. ರೋಗ ಬಂದವರಲ್ಲಿ ಎರಡು ವರ್ಷದಿಂದ ಹಾಸಿಗೆ ಹಿಡಿದ ಅಜ್ಜಿಯೊಬ್ಬರಿದ್ದರು. ಹನ್ನೊಂದು ತಿಂಗಳ ಆ ಕೂಸೂ ಇತ್ತು. ಇಬ್ಬರೂ ಮಿರ್ಚಿ ತಿಂದಿರಲು ಸಾಧ್ಯವೇ ಇಲ್ಲ. ದಿನಾ ಗಾಡಿ ಮುಂದೆ ನಿಲ್ಲುವ ಗ್ಯಾರೇಜಿನ ಹುಡುಗರಿಗೆ ಏನೂ ಆಗಿರಲಿಲ್ಲ. ಪಟ್ಟಿ ಮೊದಲು ನೋಡಿ ಆಮೇಲೆ ಗಾಡಿಗೆ ಹೋಗಬೇಕಿತ್ತು. ಎರಡು ದಿನದ ದುಡಿಮೆ ಕಳೆದುಕೊಂಡವನಿಗೆ ಮೂರನೇ ದಿನ ಓಣಿಯವರ ಎದುರಿಗೇ "ನಿನ್ನ ತಪ್ಪಿಲ್ಲಪ್ಪ, ನನ್ನದು" ಅಂದೆ. ಕಂಡದ್ದಕ್ಕೆ ಕೈ ಹಾಕಿಬಿಡುವುದು ನಮ್ಮ ಕೆಲಸದಲ್ಲಿ ಸುಲಭ. ಗಾಡಿ ಕಣ್ಣಿಗೆ ಕಾಣುತ್ತದೆ, ನೆಲದೊಳಗಿನ ಪೈಪು ಕಾಣುವುದಿಲ್ಲ.

ಕ್ಯಾಲೆಂಡರ್

ಎಡಸಾಲಿನ ಒಂಬತ್ತನೇ ಮನೆಯ ಅಕ್ಕ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಾರೆ. ಅವರ ಒಲೆಯ ಮೇಲಿನ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿತ್ತು. ಜೂನ್ 9, 16, 24. ಮೂರು ದಿನಗಳಿಗೆ ಪೆನ್ನಿನಲ್ಲಿ ಸುತ್ತು ಹಾಕಿದ್ದರು.

"ಇದೇನ್ರಿ ಅಕ್ಕಾರ?"

"ನೀರ ಬಂದ ದಿನಾರಿ. ಗುರುತು ಹಾಕ್ಲಿಲ್ಲಂದ್ರ ಮುಂದಿನ ಪಾಳಿ ಯಾವಾಗ ಅಂತ ಗೊತ್ತಾಗೂದಿಲ್ಲ. ಆವತ್ತ ರೊಟ್ಟಿ ಆರ್ಡರ್ ಹಿಡಿಯಂಗಿಲ್ಲ."

ನನ್ನ ಪಟ್ಟಿ ತೆಗೆದು ಆ ಕ್ಯಾಲೆಂಡರಿನ ಪಕ್ಕ ಹಿಡಿದೆ. ರೋಗ ಶುರುವಾದ ದಿನಗಳನ್ನು ಸೇರಿಸುತ್ತ ಹೋದೆ. 10 ಮತ್ತು 11ರಂದು ಇಬ್ಬರು. 17 ಮತ್ತು 18ರಂದು ನಾಲ್ವರು. 25 ಮತ್ತು 26ರಂದು ಏಳು ಜನ. ಉಳಿದ ಮೂವರು ಮಾತ್ರ ಬೇರೆ ದಿನ. ನೀರು ಬಂದ ಮರುದಿನ, ಅದರ ಮರುದಿನ. ಮೂರು ಪಾಳಿ, ಮೂರು ಅಲೆ, ಪ್ರತಿಸಲವೂ ಹಿಂದಿನದಕ್ಕಿಂತ ದೊಡ್ಡದು.

ಆ ಅಡುಗೆಮನೆಯಲ್ಲಿ ನಿಂತಾಗ ನನಗೆ ಸಂತೋಷವೂ ಆಯಿತು, ಸಿಟ್ಟೂ ಬಂತು. ಸಿಟ್ಟು ಯಾಕೆಂದರೆ, ಈ ಎರಡು ಲೆಕ್ಕ ಒಂದೇ ಕಡೆ ಬರುವ ಏರ್ಪಾಡು ನಮ್ಮಲ್ಲಿ ಇರಲಿಲ್ಲ. ಭೇದಿಯಾದವರ ಲೆಕ್ಕ ಇಡಲು 2004ರಿಂದ ದೇಶದಲ್ಲಿ ಒಂದು ದೊಡ್ಡ ವ್ಯವಸ್ಥೆಯೇ ಇದೆ. ಆರೋಗ್ಯ ಕಾರ್ಯಕರ್ತೆಗೆ ಒಂದು ಫಾರಂ, ಡಾಕ್ಟರಿಗೆ ಒಂದು, ಲ್ಯಾಬಿಗೆ ಒಂದು. ನೀರು ಯಾವ ಓಣಿಗೆ ಯಾವಾಗ ಬಿಟ್ಟರು ಅನ್ನುವುದು ನೀರು ಬಿಡುವ ಅಣ್ಣನ ಜೇಬಿನ ಸಣ್ಣ ಡೈರಿಯಲ್ಲಿ. ಗಟಾರ ಯಾವಾಗ ಬಳಿದರು ಅನ್ನುವುದು ಮತ್ತೊಂದು ಕಡೆ. ಮೂರೂ ಒಟ್ಟಿಗೆ ಇದ್ದದ್ದು ರೊಟ್ಟಿ ಅಕ್ಕನ ಓಣಿಯಲ್ಲಿ ಮಾತ್ರ, ಅದೂ ಅವರ ನೆನಪಿನಲ್ಲಿ. "ಜೆಸಿಬಿ ಬಂದು ಗಟಾರ ಬಳದು ಹೋದ ಮ್ಯಾಲೇನ ನೀರು ವಾಸನಿ ಬರಾಕ ಹತ್ತೇತ್ರಿ" ಅಂತ ಅವರು ಅವತ್ತೇ ಹೇಳಿದ್ದರು. ನಾನು ಬರೆದುಕೊಂಡೆ, ಆದರೆ ಅದರ ತೂಕ ನನಗೆ ತಿಳಿದದ್ದು ಆರು ದಿನ ಬಿಟ್ಟು.

ಯಾರಿಗೆ ಬರಲಿಲ್ಲ?

ರೋಗ ಬಂದವರಷ್ಟೇ ಬಾರದವರನ್ನೂ ಕೇಳಬೇಕು. ಎಡಸಾಲಿನ ಮೊದಲ ನಾಲ್ಕು ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಐದನೇ ಮನೆಯಿಂದ ಕೊನೆಯವರೆಗಿನ 12 ಮನೆಗಳಲ್ಲಿ ಒಂಬತ್ತಕ್ಕೆ ರೋಗ. ಉಳಿದ ಮೂರು?

ಒಂದಕ್ಕೆ ಬೀಗ. ಊರಿಗೆ ಬಿತ್ತನೆಗೆ ಹೋಗಿದ್ದರು. ಎರಡನೆಯದು ಬಾಣಂತಿ ಮನೆ. ಅಲ್ಲಿ ಎಲ್ಲರೂ ಜೀರಿಗೆ ಹಾಕಿ ಕುದಿಸಿದ ನೀರನ್ನೇ ಕುಡಿಯುತ್ತಿದ್ದರು. ಮೂರನೆಯ ಮನೆಯವರು ನಳ ಬಂದ ಮೊದಲ ಅರ್ಧ ತಾಸಿನ ನೀರನ್ನು ಅಂಗಳ ತೊಳೆಯಲು, ಬಟ್ಟೆಗೆ ಬಿಡುತ್ತಿದ್ದರು. ಆಮೇಲೆ ಕುಡಿಯಲು ತುಂಬುತ್ತಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ, ಆ ಮನೆಯ ಅತ್ತೆಗೆ ಮೊದಲ ನೀರಿನ ಬಣ್ಣ ಹಿಡಿಸುತ್ತಿರಲಿಲ್ಲ, ಅಷ್ಟೇ.

ಬಲಸಾಲಿನಲ್ಲಿ ಒಂದೇ ಮನೆಗೆ ರೋಗ, ಇಬ್ಬರಿಗೆ. ಹೂ ಮಾರುವ ತಾಯಿ-ಮಗಳು. ಅವರ ಪಾಳಿ ಇನ್ನೂ ಮೂರು ದಿನ ಇತ್ತು, ಮನೆಯ ನೀರು ತೀರಿತ್ತು. 24ರಂದು ಎದುರು ಮನೆಯಿಂದ ಎರಡು ಕೊಡ ತಂದಿದ್ದರು.

ಇನ್ನೊಂದು ಗಂಟು ಉಳಿದಿತ್ತು. ರೋಗ ಬಂದ ನಾಲ್ಕು ಮನೆಯವರು "ನಾವು ಕುಡಿಯೂದು ಫಿಲ್ಟರ್ ನೀರ್ರಿ" ಅಂದರು. ಸುಳ್ಳಲ್ಲ. ಮೂಲೆಯ ಶುದ್ಧ ನೀರಿನ ಘಟಕದ ಕ್ಯಾನು ನಾನೇ ನೋಡಿದೆ. ಹಾಗಾದರೆ ಹೇಗೆ? ಊಟದ ಹೊತ್ತಿಗೆ ಹೋಗಿ ಕೂತಾಗ ತಿಳಿಯಿತು. ರೊಟ್ಟಿಯ ಜೊತೆ ಹಸಿ ಮೆಂತ್ಯ ತಪ್ಪಲ, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ. ತೊಳೆದದ್ದು ಬ್ಯಾರಲ್ ನೀರಿನಲ್ಲಿ. ಸುಸಲಾಕ್ಕೆ ಮಂಡಕ್ಕಿ ನೆನೆಸಿದ್ದೂ ಅದರಲ್ಲೇ. ಬಾಯಿ ಮುಕ್ಕಳಿಸುವುದೂ ಅದರಲ್ಲೇ. ಕುಡಿಯುವ ನೀರು ಬೇರೆ, ಹೊಟ್ಟೆಗೆ ಹೋಗುವ ನೀರು ಬೇರೆ. "ಯಾವ ನೀರು ಕುಡೀತೀರಿ" ಅಂತ ಮಾತ್ರ ಕೇಳಿದರೆ ನಮಗೆ ಅರ್ಧ ಉತ್ತರವೇ ಸಿಗುತ್ತದೆ.

ಜುಲೈ 2, ನಸುಕಿನ ನಾಲ್ಕು ಗಂಟೆ

26ರಂದೇ ಬ್ಯಾರಲ್‌ಗಳ ನೀರನ್ನು ಎಚ್‌ಟುಎಸ್ ಬಾಟಲಿಗೆ ತುಂಬಿದ್ದೆ. ಸಣ್ಣ ಬಾಟಲಿ. ಒಳಗೆ ಮದ್ದು ಹಚ್ಚಿದ ಕಾಗದ ಇರುತ್ತದೆ. ಗೆರೆಯವರೆಗೆ ನೀರು ತುಂಬಿ ಒಂದೆರಡು ದಿನ ಇಟ್ಟರೆ, ಹೊಲಸು ಸೇರಿದ ನೀರು ಕಪ್ಪಾಗುತ್ತದೆ. ಈ ಪರೀಕ್ಷೆಯನ್ನು 1982ರಲ್ಲಿ ಪ್ರಕಟಿಸಿದವರು ನಮ್ಮ ದೇಶದ ವಿಜ್ಞಾನಿಗಳೇ. ಐದು ಬಾಟಲಿಯಲ್ಲಿ ನಾಲ್ಕು ಕಪ್ಪಾದವು. ಆದರೆ ಬ್ಯಾರಲ್ ನೀರಿಗೆ ಕೈ ಅದ್ದುತ್ತಾರೆ, ಚರಿಗೆ ಮುಳುಗಿಸುತ್ತಾರೆ. ಹೊಲಸು ಮನೆಯೊಳಗೇ ಸೇರಿತೋ, ಪೈಪಿನಲ್ಲೇ ಬಂತೋ ಅದರಿಂದ ತಿಳಿಯುವುದಿಲ್ಲ. ನಳದಿಂದಲೇ ಹಿಡಿಯಬೇಕು. ಅದಕ್ಕೆ ಮುಂದಿನ ಪಾಳಿಯವರೆಗೆ ಕಾಯಬೇಕಾಯಿತು.

ನೀರು ಬಿಡುವ ಅಣ್ಣ ವಾಲ್ವ್ ತಿರುಗಿಸುವಾಗ ನಾನು, ಆಶಾ ಇಬ್ಬರೂ ಪಕ್ಕದಲ್ಲೇ ನಿಂತಿದ್ದೆವು. ಕೈಯಲ್ಲಿ ಕ್ಲೋರಿನ್ ನೋಡುವ ಪೆಟ್ಟಿಗೆ. ನಳಿಗೆಯಲ್ಲಿ ನೀರು ಹಿಡಿದು ಎರಡು ಹನಿ ಮದ್ದು ಹಾಕಿದರೆ, ಕ್ಲೋರಿನ್ ಇದ್ದಷ್ಟೂ ಹಳದಿ ಏರುತ್ತದೆ. ನಳದಲ್ಲಿ ಬರುವ ನೀರಿನಲ್ಲಿ ಲೀಟರಿಗೆ ಕಡೇಪಕ್ಷ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ಲೆಕ್ಕ. ಉಳಿದಿದೆ ಅಂದರೆ ದಾರಿಯಲ್ಲಿ ಅದನ್ನು ತಿನ್ನುವ ಹೊಲಸು ಹೆಚ್ಚು ಸೇರಿಲ್ಲ ಅಂತ.

ಮೊದಲ ಮನೆ, ಹಳದಿ. ಎರಡು, ಮೂರು, ಹಳದಿ. ನಾಲ್ಕು, ಹಳದಿ. ಐದನೇ ಮನೆಯ ನೀರು ನಳಿಗೆಯಲ್ಲಿ ಬಣ್ಣವಿಲ್ಲದೆಯೇ ನಿಂತಿತು. ಇನ್ನೊಂದು ಹನಿ ಹಾಕಿದೆ. ಊಹೂಂ. ಆರು, ಒಂಬತ್ತು, ಹದಿನಾರು, ಎಲ್ಲಿಯೂ ಬಣ್ಣ ಏರಲಿಲ್ಲ.

ನಾಲ್ಕರಿಂದ ಐದನೇ ಮನೆಗೆ ಹತ್ತು ಹೆಜ್ಜೆ. ಟಾರ್ಚ್ ಹಿಡಿದು ಗಟಾರ ನೋಡಿದೆವು. ಕಪ್ಪು ನೀರಿನ ನಡುವೆ ಒಂದು ಕಡೆ ತಿಳಿನೀರು ಬುಗ್ಗೆಯಂತೆ ಮೇಲೇಳುತ್ತಿತ್ತು. ಆಶಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಅಲ್ಲಿ ಒಂದು ಹಳೆಯ ಜಿಐ (ಕಬ್ಬಿಣದ) ಪೈಪು ಗಟಾರದೊಳಗಿಂದಲೇ ದಾಟುತ್ತಿತ್ತು. ಜೋಡಣೆ ತುಕ್ಕು ಹಿಡಿದು, ಜೆಸಿಬಿ ಹಲ್ಲಿನ ಏಟಿಗೆ ಬಾಗಿತ್ತು. ನೀರು ಜೋರಾಗಿ ಬರುವಾಗ ಒಳಗಿನ ನೀರು ಹೊರಗೆ ಚಿಮ್ಮುತ್ತದೆ, ಅದು ಬರೀ ನಷ್ಟ. ನೀರು ನಿಂತ ಮೇಲೆ ಏಳು ದಿನ ಪೈಪು ಖಾಲಿ. ಆಗ ಗಟಾರದ ನೀರು ಅದೇ ಬಿರುಕಿನಿಂದ ಒಳಗೆ ಹೋಗಿ ಕೂಡುತ್ತದೆ. ಮತ್ತೆ ಪಾಳಿ ಬಂದಾಗ ಆ ಹೊಲಸನ್ನೇ ಮೊದಲು ತಳ್ಳಿಕೊಂಡು ಬರುತ್ತದೆ. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಮಳೆ ಹಿಡಿದ ಮೇಲೆ ಗಟಾರ ತುಂಬಿ, ಪೈಪು ಪೂರ್ತಿ ಮುಳುಗಿತ್ತು. ಪ್ರತಿ ಪಾಳಿಗೂ ರೋಗ ಏರಿದ್ದು ಅದಕ್ಕೇ. ಇದರ ಮೇಲೆ ಆರು ಮನೆಯವರು ನಳಕ್ಕೆ ನೇರ ಮೋಟಾರ್ ಹಚ್ಚುತ್ತಿದ್ದರು. ಮೋಟಾರ್ ಎಳೆದಾಗ ನೀರಿನ ಒತ್ತಡ ಬೀಳುತ್ತದೆ, ಆಗ ನೀರು ಬರುತ್ತಿರುವಾಗಲೂ ಬಿರುಕಿನಿಂದ ಗಟಾರ ಒಳಗೆ ಸೇರುತ್ತದೆ.

ಅವತ್ತು ನಳದಿಂದ ಹಿಡಿದ ಬಾಟಲಿಗಳಲ್ಲಿ ಎರಡನೇ ಮನೆಯದು ತಿಳಿಯಾಗಿಯೇ ಉಳಿಯಿತು. ಐದು, ಒಂಬತ್ತು, ಹದಿನಾರನೇ ಮನೆಯವು ಮರುದಿನಕ್ಕೇ ಕಪ್ಪಾದವು.

ಇದು ಒಂದು ಓಣಿಯ ಕೆಟ್ಟ ನಸೀಬು ಮಾತ್ರ ಅಲ್ಲ. ನಮ್ಮ ಊರಿನ ನಳಗಳ ಮೇಲೇ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಕೆಲಸ ಮಾಡಿದ್ದಾರೆ. 2013ರಲ್ಲಿ ಬಂದ ಅವರ ವರದಿಯಲ್ಲಿ, ಬಿಟ್ಟು ಬಿಟ್ಟು ನೀರು ಬರುವ ಕಡೆ ನಳದಿಂದ ಹಿಡಿದ ಮಾದರಿಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ ಮಲದ ರೋಗಾಣು ಗುರುತು ಸಿಕ್ಕಿತ್ತು. 24 ತಾಸು ನೀರಿರುವ ವಾರ್ಡ್‌ಗಳಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. 2015ರಲ್ಲಿ ಬಂದ ಇನ್ನೊಂದು ಅಧ್ಯಯನಕ್ಕೆ ಅವಳಿ ನಗರದ ಸುಮಾರು 3,900 ಮನೆಗಳನ್ನು ನೋಡಿದ್ದರು. ಸದಾ ನೀರಿದ್ದ ಕಡೆ ಟೈಫಾಯ್ಡ್ ಬಂದ ಮನೆಗಳು ನೂರಕ್ಕೆ 42ರಷ್ಟು ಕಡಿಮೆ. ಬಡವರ ಮನೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆ. ಸಾಮಾನ್ಯ ಭೇದಿಯಲ್ಲಿ ಮಾತ್ರ ಒಟ್ಟಾರೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೂ ನಿಜವೇ ಇರಬೇಕು, ಭೇದಿಗೆ ಕೈ, ನೊಣ, ಪಾತ್ರೆ ಅಂತ ನೂರು ದಾರಿಗಳಿವೆ. ಆದರೆ ಈ ಓಣಿಯಲ್ಲಿ ದಾರಿ ಒಂದೇ ಇತ್ತು, ಕಣ್ಣೆದುರೇ ಬುಗ್ಗೆ ಬರುತ್ತಿತ್ತು.

ಎಂಟು ಅಡಿ ಪೈಪು ಯಾರದು?

ಕಾರಣ ಸಿಕ್ಕಿತು, ಇನ್ನು ಎರಡು ದಿನದ ಕೆಲಸ ಅಂದುಕೊಂಡೆ. ಹದಿನೇಳು ದಿನ ಹಿಡಿಯಿತು.

ನಾಲ್ಕನೇ ಮನೆಯವರೆಗೆ ಮಾತ್ರ ಸರ್ಕಾರಿ ಲೈನ್. ಅಲ್ಲಿಂದ ಮುಂದಿನದನ್ನು ಎಷ್ಟೋ ವರ್ಷದ ಹಿಂದೆ ಮನೆಗಳ ಮಾಲೀಕರು ತಾವೇ ಎಳೆಸಿದ್ದರಂತೆ. ನೀರಿನ ಕಚೇರಿಯಲ್ಲಿ "ಅದು ಖಾಸಗಿ ಪೈಪು" ಅಂದರು. ಗಟಾರ ನೋಡುವವರು "ಪೈಪು ಗಟಾರದಾಗ ಹಾಕಿದ್ದು ಅವರ ತಪ್ಪು" ಅಂದರು. ಮಾಲೀಕರಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಒಬ್ಬರು ಪುಣೆಯಲ್ಲಿದ್ದಾರೆ. ಬಾಡಿಗೆಯವರು ಪೈಪು ಹಾಕಿಸಿದರೆ ದುಡ್ಡು ಯಾರು ಕೊಡಬೇಕು? ಪ್ರತಿಯೊಬ್ಬರೂ ತಮ್ಮ ತಮ್ಮ ನಿಯಮದ ಪ್ರಕಾರ ಸರಿಯಾಗಿಯೇ ಮಾತಾಡುತ್ತಿದ್ದರು. ಆ ಸರಿಗಳ ನಡುವೆ ಎಂಟು ಅಡಿ ಪೈಪು ಗಟಾರದಲ್ಲೇ ಮುಳುಗಿತ್ತು.

ಅಷ್ಟು ದಿನ ನಾವು ಮಾಡಿದ್ದು ಇಷ್ಟು. ಮನೆಮನೆಗೆ ಕ್ಲೋರಿನ್ ಮಾತ್ರೆ ಹಂಚಿದೆವು. ಹಾಕಿ ಅರ್ಧ ತಾಸು ಬಿಟ್ಟು ಬಳಸಿ ಅಂತ ಪ್ರತಿ ಮನೆಯಲ್ಲೂ ಹಾಕಿಯೇ ತೋರಿಸಿದೆವು. ಕುದಿಸಿ ಕುಡಿಯಿರಿ ಅಂತ ಹೇಳುವುದು ಸುಲಭ. ಎಂಟು ಜನರ ಮನೆಗೆ ದಿನವೂ ನೀರು ಕುದಿಸಿದರೆ ಸಿಲಿಂಡರ್ ಎಷ್ಟು ದಿನ ಬಂದೀತು? ಅದಕ್ಕೆ ಮಕ್ಕಳಿಗೆ, ಮುದುಕರಿಗೆ ಮಾತ್ರ ಕುದಿಸಿದ್ದು, ಉಳಿದವರಿಗೆ ಮಾತ್ರೆ ಅಂತ ಗೊತ್ತು ಮಾಡಿದೆವು. ಭೇದಿಯಾದ ಮಕ್ಕಳಿಗೆ ಓಆರ್‌ಎಸ್ ಜೊತೆ 14 ದಿನ ಜಿಂಕ್ ಮಾತ್ರೆ. ಭೇದಿ ನಿಂತ ಮೇಲೆ ತಾಯಂದಿರು ಜಿಂಕ್ ನಿಲ್ಲಿಸಿಬಿಡುತ್ತಾರೆ, ಆಶಾ ದಿನಾ ಹೋಗಿ ಎಣಿಸುತ್ತಿದ್ದರು. ಬ್ಯಾರಲ್‌ಗಳನ್ನು ತಿಕ್ಕಿಸಿ ತೊಳೆಸಿದೆವು. ಸಾವಿರ ಲೀಟರ್ ಟಾಕಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಆದರೆ ಎರಡೂವರೆ ಗ್ರಾಂ ಸಾಕು. ಆದರೆ ನಮಗೆ ಕೊಟ್ಟ ಚೀಲ ಬಾಯಿ ತೆರೆದು ತಿಂಗಳುಗಟ್ಟಲೆ ಬಿದ್ದಿತ್ತು. ಹಾಗೆ ಬಿದ್ದ ಪೌಡರಿನ ಸತ್ವ ಹಾರಿಹೋಗಿರುತ್ತದೆ. ವಾಸನೆ ನೋಡಿಯೇ ವಾಪಸ್ ಕಳಿಸಿ ಹೊಸದು ತರಿಸಿದೆ. ಬಿಳೀ ಪುಡಿ ಚೆಲ್ಲಿ ಫೋಟೋ ಹೊಡೆದುಕೊಂಡರೆ ರೋಗ ನಿಲ್ಲುವುದಿಲ್ಲ.

ಈ ನಡುವೆ ಇನ್ನಿಬ್ಬರಿಗೆ ಭೇದಿಯಾಯಿತು. ಇಬ್ಬರೂ ಬೇಗ ಹುಷಾರಾದರು.

ಕೊನೆಗೆ ದುಡ್ಡು ಬಂದದ್ದು ಗಣಪತಿ ಮಂಡಳಿಯ ಹುಡುಗರಿಂದ. ಹಿಂದಿನ ವರ್ಷ ಎತ್ತಿದ ಪಟ್ಟಿಯಲ್ಲಿ, ಅಂದರೆ ಚಂದಾ ದುಡ್ಡಿನಲ್ಲಿ, ಉಳಿದದ್ದು ಅವರ ಹತ್ತಿರ ಇತ್ತು. "ಈ ಸಲ ಡಿಜೆ ಸಣ್ಣದು ತರೂಣು, ಪೈಪು ಹಾಕ್ಸೂಣು" ಅಂತ ಅವರೇ ಕೂಡಿ ತೀರ್ಮಾನಿಸಿದರು. ನಾನು ನೀರಿನ ಕಚೇರಿಗೆ ಐದನೇ ಸಲ ಹೋದಾಗ ಒಬ್ಬ ಎಂಜಿನಿಯರ್ ತಾವೇ ಬಂದು ನಿಂತು, ಗಟಾರದ ಮೇಲೆ ಕಲ್ಲಿನ ಆಸರೆ ಕೊಟ್ಟು, ಹೊಸ ಪೈಪನ್ನು ಮೇಲಿನಿಂದ ದಾಟಿಸುವ ಕೆಲಸ ಮಾಡಿಸಿದರು. ಹುಡುಗರ ಮೇಲೆ ನನಗೆ ತುಂಬ ಅಭಿಮಾನ. ಆದರೂ ಬರೆಯಲೇಬೇಕು. ಕುಡಿಯುವ ನೀರಿಗೆ ಹೊಲಸು ಸೇರದಂತೆ ನೋಡಿಕೊಳ್ಳುವುದು ಗಣಪತಿ ಪಟ್ಟಿಯ ಕೆಲಸವಲ್ಲ. ರೋಗ ಹರಡುತ್ತಿರುವಾಗ ಪೈಪು ಯಾರದ್ದೇ ಇರಲಿ, ಮೊದಲು ಸರಿಪಡಿಸಿ ಲೆಕ್ಕ ಆಮೇಲೆ ಮಾಡುವಷ್ಟು ದುಡ್ಡು, ಅಧಿಕಾರ ವಾರ್ಡ್ ಮಟ್ಟದಲ್ಲಿ ಇರಬೇಕು. ನನ್ನ ಕೈಯಲ್ಲಿ ಇದ್ದದ್ದು ಪತ್ರ ಬರೆಯುವ ಅಧಿಕಾರ ಮಾತ್ರ.

ಆಮೇಲೆ

ಹೊಸ ಪೈಪಿಗೆ ಕ್ಲೋರಿನ್ ಜಾಸ್ತಿ ಹಾಕಿದ ನೀರು ಬಿಟ್ಟು, ನಿಲ್ಲಿಸಿ, ಹೊರಗೆ ಹರಿಸಿ ತೊಳೆದೆವು. ಮುಂದಿನ ಪಾಳಿಯಂದು ಹದಿನಾರನೇ ಮನೆಯ ನಳಿಗೆಯಲ್ಲಿ ಹಳದಿ ಬಂತು. ಬಾಟಲಿಗಳು ಎರಡು ದಿನವಾದರೂ ಕಪ್ಪಾಗಲಿಲ್ಲ. ಅದರ ಮುಂದಿನ ಪಾಳಿಯೂ ಹಾಗೆಯೇ. ಆಗಸ್ಟ್ ಕೊನೆಯವರೆಗೆ ಎಡಸಾಲಿನಿಂದ ಹೊಸ ಭೇದಿ ಪ್ರಕರಣ ಬರಲಿಲ್ಲ.

ಮೋಟಾರ್ ವಿಷಯ ಮಾತ್ರ ಬಗೆಹರಿಯಲಿಲ್ಲ. ಆರರಲ್ಲಿ ಇಬ್ಬರು ತೆಗೆದರು. ಉಳಿದವರಲ್ಲಿ ಒಬ್ಬ ಕಾಕಾ ಕೇಳಿದರು, "ನಾ ತಗದ್ರ ಬಾಜೂಕಿನವ್ರು ಎಲ್ಲಾ ಎಳ್ಕೊಂಡ್ ಬಿಡ್ತಾರವಾ. ಎರಡು ತಾಸಿನ್ಯಾಗ ನನಗ ಎಷ್ಟು ಕೊಡ ಸಿಗಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ. ವಾರಕ್ಕೊಮ್ಮೆ ನೀರು ಬರುವಾಗ ಆತನನ್ನು ಬೈಯಲು ನನಗೆ ಮನಸ್ಸೂ ಆಗಲಿಲ್ಲ.

ಪಾಯಖಾನೆ ಪೈಪುಗಳಲ್ಲಿ ಎರಡು ಒಳಚರಂಡಿಗೆ ಸೇರಿವೆ, ಉಳಿದವು ಇನ್ನೂ ಗಟಾರಕ್ಕೇ ಬೀಳುತ್ತಿವೆ.

ನೀರು ಬಿಡುವ ಅಣ್ಣ ಈಗ ಪಾಳಿಯ ಹಿಂದಿನ ಸಂಜೆ ಆಶಾಗೆ ಫೋನ್ ಮಾಡುತ್ತಾರೆ. ರೊಟ್ಟಿ ಅಕ್ಕ ನೀರಿನ ದಿನಕ್ಕೆ ಸುತ್ತು ಹಾಕುವುದರ ಜೊತೆಗೆ, ಓಣಿಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ಆ ದಿನಕ್ಕೆ ಒಂದು ಗೆರೆ ಎಳೆಯುತ್ತಾರೆ. ತಿಂಗಳ ಕೊನೆಗೆ ನಾನು ಹೋಗಿ ಅದರ ಫೋಟೋ ತೆಗೆದುಕೊಳ್ಳುತ್ತೇನೆ. ಪಕ್ಕದ ಎರಡು ಓಣಿಗಳಲ್ಲೂ ಇಂಥ ಕ್ಯಾಲೆಂಡರ್ ಇಟ್ಟ ಮನೆಗಳು ಸಿಕ್ಕಿವೆ. ಆ ಓಣಿಗಳ ಗಟಾರದಲ್ಲಿ ಇನ್ನೂ ಮೂರು ಕಡೆ ಪೈಪು ಮುಳುಗಿ ದಾಟುತ್ತಿದೆ. ಮೂರಕ್ಕೂ ಕೆಂಪು ಬಣ್ಣ ಬಳಿದು ಬಂದಿದ್ದೇನೆ. ಗಟಾರ ಬಳಿಯಲು ಜೆಸಿಬಿ ಬಂದರೆ ಮೊದಲು ನನಗೆ ಫೋನ್ ಮಾಡಿ ಅಂತ ಮಂಡಳಿಯ ಹುಡುಗರಿಗೆ ಹೇಳಿದ್ದೇನೆ. ಗುರುವಾರ ಅಲ್ಲಿಯ ಪಾಳಿ. ನಸುಕಿನ ನಾಲ್ಕಕ್ಕೆ ಪೆಟ್ಟಿಗೆ ಹಿಡಿದು ಹೋಗಬೇಕು.